ಕಂಪ್ಯೂಟರ್ ಏಳದಿದ್ದರೆ

ಹಾಸ್ಟೆಲ್,
ಭಾನುವಾರ ಮಧ್ಯಾಹ್ನ

ಅಮ್ಮನಿಗೆ,

ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾವಿಬ್ಬರೂ ಏನು ಮಾತಾಡುತ್ತೇವೆ ಹೇಳು. ಊಟ ಆಯ್ತಾ ಅಂತ ನೀನು ಕೇಳುತ್ತೀಯ, ಆಯ್ತು ಅನ್ನುತ್ತೇನೆ. ಸ್ವಲ್ಪ ಹೊತ್ತು ಇಬ್ಬರೂ ಉಸಿರಾಡುತ್ತೇವೆ. ಸರಿ ಇಡ್ತೀನಿ ಅಂತ ನೀನೇ ಇಡುತ್ತೀಯ. ಅಣ್ಣ ಆಸ್ಪತ್ರೆಯಿಂದ ವಾಪಸ್ ಬರದೇ ಹೋದಮೇಲೆ ನಾವಿಬ್ಬರೂ ಅವನ ವಿಷಯ ಒಂದು ಸಲವೂ ಎತ್ತಿಲ್ಲ. ನೀನು ಎತ್ತಿದರೆ ಮಾತಾಡೋಣ ಅಂತ ನಾನು ಕಾಯುತ್ತಿದ್ದೇನೆ. ನೀನೂ ಹಾಗೇ ಕಾಯುತ್ತಿದ್ದೀಯೋ ಏನೋ.

ಇನ್ನೊಂದು ಕಾರಣ ಇದೆ. ಕಂಪ್ಯೂಟರ್ ಬಿದ್ದಾಗ ಏನು ಮಾಡಬೇಕು ಅನ್ನುವುದನ್ನು ಕಂಪ್ಯೂಟರಿನೊಳಗೇ ಟೈಪ್ ಮಾಡಿಟ್ಟರೆ, ಬಿದ್ದಾಗ ಓದುವುದು ಹೇಗೆ? ಅದಕ್ಕೇ ಕಾಗದ. ಮುಂದಿನ ಹಾಳೆಯನ್ನು ಟೇಬಲ್ ಎದುರಿನ ಗೋಡೆಗೆ ಅಂಟಿಸು. ಉಳಿದವು ಗೋಡೆಗಲ್ಲ. ನನ್ನ ಕಾಗುಣಿತ ನೋಡಿ ಕೆಂಪು ಪೆನ್ ಹುಡುಕಬೇಡ. ಚಿಕ್ಕ ಕ್ಲಾಸಿನಲ್ಲೇ ಹಾಸ್ಟೆಲಿಗೆ ಬಂದವಳು, ನನ್ನ ಕನ್ನಡ ಆಗಿನ ಯೂನಿಫಾರ್ಮ್ ಅಳತೆಯಲ್ಲೇ ನಿಂತುಬಿಟ್ಟಿದೆ. ಊರವರ ಕಾಗದಪತ್ರಗಳನ್ನೆಲ್ಲ ತಿದ್ದಿ ಡಿಟಿಪಿ ಮಾಡಿಕೊಡುವ ನಿನ್ನ ಮುಂದೆ ಬರೆಯುವುದಕ್ಕೆ ಹೆದರಿಕೆಯಾಗುತ್ತದೆ.

ಗೋಡೆಗೆ:

ಬಟನ್ ಒತ್ತಿದ ತಕ್ಷಣ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಎರಡು ಸಾಲು ಬರುತ್ತವೆ. ಮೊದಲನೆಯದು ನೀನು ದಿನಾ ಕೆಲಸ ಮಾಡುವ ಹಳೇ ಸಿಸ್ಟಮ್. ನೀನು ಏನೂ ಮಾಡದಿದ್ದರೆ ಸ್ವಲ್ಪ ಹೊತ್ತು ಕಾದು ಅದೇ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಗಾಬರಿಯಾಗಿ ಯಾವ ಕೀನೂ ಕುಟ್ಟಬೇಡ.

ಯಾವತ್ತಾದರೂ ಅದು ಏಳದಿದ್ದರೆ, ಅಂದರೆ ನೀಲಿ ಪರದೆ ಬಂದು ನಿಂತುಬಿಟ್ಟರೆ, ಅಥವಾ ನೀನು ಕಾಫಿ ಮಾಡಿ ಕುಡಿದು ಬಂದರೂ ಚಕ್ರ ಸುತ್ತುತ್ತಲೇ ಇದ್ದರೆ, ಬಟನ್ ಒತ್ತಿ ಹಿಡಿದು ಆರಿಸು. ಮತ್ತೆ ಹಾಕು. ಎರಡು ಸಾಲು ಬಂದಾಗ ಕೆಳಬಾಣದ ಕೀ ಒಂದು ಸಲ ಒತ್ತು. ಆಮೇಲೆ ಎಂಟರ್.

ಬೂದು ಬಣ್ಣದ ಬೇರೆ ಥರದ ಪರದೆ ಬರುತ್ತದೆ. ಹೆದರಬೇಡ, ಕಂಪ್ಯೂಟರ್ ಅದೇ. ಒಂದೇ ಡಿಸ್ಕಿನಲ್ಲಿ ನಡುವೆ ಗೋಡೆ ಎತ್ತಿ, ಪಕ್ಕದಲ್ಲಿ ಇನ್ನೊಂದು ಚಿಕ್ಕ ಮನೆ ಮಾಡಿದ್ದೇನೆ. ಅದಕ್ಕೆ ಪಾರ್ಟಿಶನ್ ಅನ್ನುತ್ತಾರೆ. ದೊಡ್ಡ ಮನೆಯ ಬಾಗಿಲು ಜಾಮ್ ಆದರೆ ಚಿಕ್ಕ ಮನೆಯಿಂದ ಒಳಗೆ ಹೋಗಿ ಸಾಮಾನು ಎತ್ತಿಕೊಳ್ಳಬಹುದು. ಅಲ್ಲಿ ನಿನ್ನ ಡಿಟಿಪಿ ಸಾಫ್ಟ್‌ವೇರ್ ಓಡುವುದಿಲ್ಲ. ಆದರೆ ‘ಕೆಲಸ’ ಅನ್ನುವ ಫೋಲ್ಡರ್ ಇರುತ್ತದೆ. ಪೆನ್‌ಡ್ರೈವ್ ಹಾಕಿ ಅದನ್ನು ಎಳೆದು ಬಿಡು, ಪ್ರೆಸ್ಸಿಗೆ ತೆಗೆದುಕೊಂಡು ಹೋಗು, ಅವರ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಆಮೇಲೆ ನನಗೆ ಫೋನ್ ಮಾಡು. ಕ್ಲಾಸಿನಲ್ಲಿದ್ದರೂ ಎತ್ತುತ್ತೇನೆ.

ಡಿಸ್ಕೇ ಕೆಟ್ಟರೆ ಎರಡು ಮನೆಯೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಪೆನ್‌ಡ್ರೈವಿಗೆ ಆಗಾಗ ಹಾಕಿಕೊಳ್ಳುತ್ತಿರು. ಸೋಮಾರಿತನ ಮಾಡಬೇಡ.

ಗೋಡೆಗೆ ಇಷ್ಟೇ.

ಇನ್ನು ಇದು ನಿನಗೆ.

ರಜೆಗೆ ಬಂದ ದಿನ ನಾನು ಬ್ಯಾಗ್ ಹಿಡಿದುಕೊಂಡೇ ಅಣ್ಣನ ರೂಮಿಗೆ ಹೋದೆ. ಅಲ್ಲಿ ನಿನ್ನ ಟೇಬಲ್ ಇತ್ತು, ಕಂಪ್ಯೂಟರ್ ಇತ್ತು, ಪ್ರೂಫ್ ಕಾಗದದ ಕಟ್ಟುಗಳಿದ್ದವು. ಮಂಚ ಎಲ್ಲಿ ಅಂತ ಕೇಳಿದೆ. ವಾಚ್‌ಮನ್ ಮನೆಗೆ ಕೊಟ್ಟೆ ಅಂತ ಹೇಳಿದೆ ನೀನು. ಬಟ್ಟೆ ಯಾರಿಗೆ, ಬೂಟು ಯಾರಿಗೆ ಅಂತಲೂ ನಾನು ಕೇಳದೆಯೇ ಹೇಳಿದೆ. ಇಲ್ಲಿ ಬೆಳಕು ಚೆನ್ನಾಗಿದೆ, ಕಣ್ಣಿಗೆ ಒಳ್ಳೆಯದು ಅಂದೆ. ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹೌದಲ್ಲ, ಬೆಳಕು ನಿಜವಾಗಿಯೂ ಚೆನ್ನಾಗಿದೆ ಅನ್ನಿಸಿತು. ಬ್ಯಾಗನ್ನು ಹಾಲ್‌ನಲ್ಲಿ ಇಟ್ಟು ಕೈ ತೊಳೆದುಕೊಂಡೆ.

ಕಂಪ್ಯೂಟರ್ ಮೊದಲನೇ ಸಲ ಬಿದ್ದಾಗ ನೀನು ಆ ಶಾಲೆಯ ವಾರ್ಷಿಕ ಸಂಚಿಕೆಯ ಪುಟ ಮಾಡುತ್ತಿದ್ದೆ. ಪರದೆ ನೀಲಿಯಾಯಿತು. ನೀನು ಕುರ್ಚಿಯಲ್ಲೇ ತಿರುಗಿ, ಬಾಗಿಲ ಕಡೆ ಮುಖ ಮಾಡಿ ಬಾಯಿ ತೆರೆದೆ. ಕರೆಯುವುದಕ್ಕೆ. ಇಷ್ಟು ವರ್ಷ ಅದೇ ನಿನ್ನ ರಿಪೇರಿ ವಿಧಾನ, ಕೂತಲ್ಲಿಂದಲೇ ಅವನನ್ನು ಕೂಗುವುದು. ಆಮೇಲೆ ಬಾಯಿ ಮುಚ್ಚಿದೆ. ನನ್ನ ಕಡೆ ನೋಡಿ, “ನಿನಗೆ ಗೊತ್ತಾಗುತ್ತೇನೇ ಇದು?” ಅಂತ ಕೇಳಿದೆ.

ನನಗೆ ಗೊತ್ತಿರಲಿಲ್ಲ. ಓದುತ್ತಿರುವುದು ಕಂಪ್ಯೂಟರೇ ಆದರೂ ಫಸ್ಟ್ ಇಯರ್‌ನಲ್ಲಿ ನಮಗೆ ಹೇಳಿಕೊಡುವುದು ಫಿಸಿಕ್ಸು, ಮ್ಯಾಥ್ಸು. ಹಾಸ್ಟೆಲಿನ ಸೀನಿಯರ್ ಒಬ್ಬಳಿಗೆ ಫೋನ್ ಮಾಡಿ ಅವಳು ಹೇಳಿದಂತೆ ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಎದ್ದಿತು. ಆದರೆ ಅವಳು ಒಂದು ಮಾತು ಹೇಳಿದಳು, ಇದು ಮತ್ತೆ ಬೀಳುತ್ತೆ, ಬೀಳುವ ಮೊದಲೇ ಇನ್ನೊಂದು ಪಾರ್ಟಿಶನ್ ಮಾಡಿ ಈ ಇಡೀ ಸಿಸ್ಟಮ್ಮಿನ ಒಂದು ನಕಲನ್ನು ಅದರಲ್ಲಿ ತೆಗೆದಿಡು ಅಂತ. ನಿನ್ನ ಸಾಫ್ಟ್‌ವೇರಿನ ಸಿಡಿ ಯಾವ ಕಾಲದಲ್ಲೋ ಕಳೆದುಹೋಗಿದೆ, ಕಂಪನಿಯೇ ಈಗ ಇಲ್ಲ. ಒಂದು ಸಲ ಅಳಿಸಿಹೋದರೆ ಮತ್ತೆ ಹಾಕುವುದು ಯಾರಿಂದಲೂ ಆಗುವುದಿಲ್ಲ. ಅಂದರೆ ನಿನ್ನ ಕೆಲಸವೇ ಹೋಗುತ್ತದೆ. ಇದನ್ನೆಲ್ಲ ನಿನಗೆ ಆವತ್ತೇ ಹೇಳಿದೆ, ನೆನಪಿದೆಯಲ್ಲ. ಮಾಡು ಮತ್ತೆ, ಯಾರು ಬೇಡ ಅಂದರು ಅಂದೆ ನೀನು.

ಜಾಗ ಇರಲಿಲ್ಲ. ಡಿಸ್ಕಿನ ಮುಕ್ಕಾಲು ಪಾಲು ಅಣ್ಣನ ಫೋಲ್ಡರ್. ನಿನ್ನ ಕೆಲಸ ಮುಗಿದ ಮೇಲೆ ಅವನು ಅದರಲ್ಲೇ ಗೇಮ್ ಆಡುತ್ತಾ ಮಾತಾಡುತ್ತಾ ರೆಕಾರ್ಡ್ ಮಾಡಿದ ವಿಡಿಯೋಗಳು. ಅದನ್ನು ಬೇರೆ ಡಿಸ್ಕಿಗೆ ಹಾಕುತ್ತೇನೆ ಅಂದಾಗ ಏನು ನಡೆಯಿತು ಅಂತ ನಿನಗೂ ಗೊತ್ತು. ಆದರೂ ಬರೆಯುತ್ತೇನೆ, ನಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ನೀನೇ ನೋಡು.

“ಅದನ್ನ ಮುಟ್ಟಬೇಡ.”

“ಡಿಲೀಟ್ ಮಾಡ್ತಿಲ್ಲಮ್ಮ. ಎತ್ತಿ ಬೇರೆ ಕಡೆ ಇಡ್ತೀನಿ ಅಷ್ಟೇ.”

“ಅವನು ಇಟ್ಟಿದ್ದು ಇಲ್ಲಿ.”

ಆಗ ನಾನು, ಮಂಚ ಕೊಡುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ, ನಾನು ಕೇಳಿಯಾದರೂ ಮಾಡುತ್ತಿದ್ದೇನಲ್ಲ ಅಂದೆ. ರಜೆಯಲ್ಲಿ ನಾನು ಆಡಿದ ಗಡುಸು ಮಾತು ಅದೊಂದೇ. ನೀನು ಕೀಬೋರ್ಡಿನ ಧೂಳು ಒರೆಸುತ್ತಾ ಇದ್ದೆ. ಒಂದು ಸಾಲು ಪೂರ್ತಿ ಒರೆಸಿದ ಮೇಲೆ ಹೇಳಿದೆ:

“ಮಂಚ ನಾನು ತಂದಿದ್ದು. ಇದು ಅವನು ಮಾಡಿದ್ದು ಕಣೇ.”

ನಾನು ಆ ಫೋಲ್ಡರ್ ಮುಚ್ಚಿದೆ.

ಹಾಗಾಗಿ ಬೇರೆ ಕಡೆ ಜಾಗ ಹುಡುಕಿದೆ. ನಿನ್ನ ಫೈಲುಗಳಲ್ಲಿ ಬೇಡದ್ದನ್ನು ತೆಗೆಯೋಣ ಅಂತ ಕೂತೆ. ಅಮ್ಮ, ಪ್ರಪಂಚದಲ್ಲಿ ಯಾರಾದರೂ ಎಲ್ಲ ಫೈಲಿಗೂ ‘ಹೊಸದು’ ಅಂತ ಹೆಸರಿಡುತ್ತಾರಾ? ಹೊಸದು, ಹೊಸದು ಒಂದು, ಹೊಸದು ಹೊಸದು, ಹೊಸದು ಕೊನೆಯದು, ಹೊಸದು ಕೊನೆಯದು ಇದೇ. ಯಾವುದರಲ್ಲಿ ಏನಿದೆ ಅಂತ ತಿಳಿಯಬೇಕಾದರೆ ತೆರೆದೇ ನೋಡಬೇಕು. ಹಲ್ಲಿನ ಡಾಕ್ಟರ ವಿಸಿಟಿಂಗ್ ಕಾರ್ಡ್. ಮೂರನೇ ಕ್ಲಾಸಿನ ಪ್ರಶ್ನೆಪತ್ರಿಕೆ. ‘ಇಲ್ಲಿ ವಾಹನ ನಿಲ್ಲಿಸಬೇಡಿ’. ಅದರ ಮುಂದಿನದನ್ನು ತೆರೆದಾಗ ಅಣ್ಣನ ಫೋಟೋ ಬಂತು, ಸುತ್ತ ಕಪ್ಪು ಬಾರ್ಡರ್. ಪೇಪರಿಗೆ ಕೊಟ್ಟ ಮರಣದ ನೋಟೀಸನ್ನು ನೀನೇ ಮಾಡಿದ್ದು ಅಂತ ನನಗೆ ಗೊತ್ತಿರಲಿಲ್ಲ. ಪ್ರೆಸ್ಸಿನವರು ಮಾಡಿರುತ್ತಾರೆ ಅಂದುಕೊಂಡಿದ್ದೆ. ಒಂದೂ ತಪ್ಪಿಲ್ಲ. ಸಾಲುಗಳ ನಡುವಿನ ಜಾಗ ಕೂಡ ಒಂದೇ ಸಮ. ನಾನು ಅದನ್ನು ಮುಚ್ಚಿ ಮುಂದಿನದನ್ನು ತೆರೆದೆ. ಅದು ಟೈಲರಿಂಗ್ ಕ್ಲಾಸಿನ ಜಾಹೀರಾತು. ನಾನು ಅದನ್ನು ಪೂರ್ತಿ ಓದಿದೆ.

ನಿನ್ನ ಫೈಲುಗಳೆಲ್ಲ ಸೇರಿದರೂ ಒಂದು ಹಿಡಿ ಜಾಗ. ಅದರಿಂದ ಏನೂ ಆಗುತ್ತಿರಲಿಲ್ಲ.

ಎರಡನೇ ಸಲ ಬಿದ್ದಾಗ ಪ್ರೆಸ್ಸಿನ ಅಂಕಲ್ ಫೋನ್ ಮಾಡಿದರಲ್ಲ. ನೀನು ಸ್ಪೀಕರ್‌ನಲ್ಲಿ ಹಾಕಿದ್ದೆ. “ಏನಮ್ಮ, ಎದ್ದನಾ ನಿಮ್ಮ ಕುಂಭಕರ್ಣ, ಇಲ್ಲಾ ಇನ್ನೂ ಮಲಗೇ ಇದ್ದಾನಾ?” ಅಂದರು. ಕಂಪ್ಯೂಟರಿಗೇ ಅಂದದ್ದು, ಪಾಪ. ಆಮೇಲೆ ಅವರಿಗೇ ಏನೋ ಆಯಿತು. ಕೆಮ್ಮಿದರು. ಶಾಲೆಯವರು ಇನ್ನು ಕಾಯಲ್ಲವಂತೆ, ಬೇರೆ ಕಡೆ ಕೊಡಬೇಕಾಗುತ್ತೆ ಅಂತ ಮೆಲ್ಲಗೆ ಹೇಳಿ ಇಟ್ಟುಬಿಟ್ಟರು.

ನೀನು ಎದ್ದು ಬ್ಯಾಗ್ ತೆಗೆದುಕೊಂಡೆ. ಚಪ್ಪಲಿ ಹಾಕಿಕೊಂಡೆ. “ಮಾಡು. ನಾನು ಬರೋದರೊಳಗೆ ಮುಗಿಸಿರು. ನನಗೆ ಏನೂ ತೋರಿಸಬೇಡ” ಅಂತ ಹೇಳಿ ಹೊರಟುಹೋದೆ. ಚಿಕ್ಕವಳಿದ್ದಾಗ ನನಗೆ ಇಂಜೆಕ್ಷನ್ ಕೊಡುವಾಗಲೂ ನೀನು ಹೀಗೇ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಕೈ ಹಿಡಿದುಕೊಳ್ಳುತ್ತಿದ್ದದ್ದು ಅಣ್ಣ.

ಕಂಪ್ಯೂಟರನ್ನು ಮತ್ತೆ ಪೆನ್‌ಡ್ರೈವಿನಿಂದಲೇ ಎಬ್ಬಿಸಿದೆ. ಅಂಗಡಿಯಿಂದ ತಂದಿದ್ದ ಹೊಸ ಡಿಸ್ಕಿಗೆ ನಕಲು ಆಗುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ನಕಲಾದದ್ದು ಸರಿಯಾಗಿದೆಯಾ ಅಂತ ಒಂದೊಂದನ್ನೂ ತೆರೆದು ಸ್ವಲ್ಪ ಸ್ವಲ್ಪ ನೋಡಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಬೀಗ ಹಾಕಿದ ಮೇಲೆ ಎಳೆದು ನೋಡುವವಳು, ಎಳೆದ ಮೇಲೆ ಮತ್ತೆ ಬಂದು ನೋಡುವವಳು.

ನೀನು ಅವನ್ನು ಒಂದು ಸಲವೂ ನೋಡಿಲ್ಲ ಅಂತ ಕಾಣುತ್ತದೆ. ಹಾಗಾಗಿ ಹೇಳುತ್ತೇನೆ. ಪರದೆ ತುಂಬಾ ಗೇಮ್ ಇರುತ್ತದೆ, ಮೂಲೆಯಲ್ಲಿ ಸ್ಟಾಂಪಿನಷ್ಟು ಅಣ್ಣನ ಮುಖ. ಶುರುವಿನಲ್ಲಿ ಎಲ್ಲರಿಗೂ ನಮಸ್ಕಾರ, ಹೇಗಿದ್ದೀರಾ ಅನ್ನುತ್ತಾನೆ. ಚಾನೆಲ್ ಶುರುಮಾಡುತ್ತೇನೆ ಅಂತ ಹೇಳುತ್ತಲೇ ಇದ್ದ, ಮಾಡಲಿಲ್ಲ. ಯಾರೂ ನೋಡದ ವಿಡಿಯೋಗಳಲ್ಲಿ ಪ್ರತಿ ಸಲ ಎಲ್ಲರನ್ನೂ ಹೇಗಿದ್ದೀರಾ ಅಂತ ಕೇಳಿದ್ದಾನೆ. ಆಟ ಚೆನ್ನಾಗಿ ಆಡುವುದೂ ಇಲ್ಲ ಅಮ್ಮ. ಸುಮ್ಮನೆ ಸಾಯುತ್ತಾನೆ, ಮತ್ತೆ ಶುರುಮಾಡುತ್ತಾನೆ.

ಮತ್ತೆ ಎಲ್ಲದರಲ್ಲೂ ನೀನಿದ್ದೀಯ. ಹಿಂದಿನಿಂದ ನಿನ್ನ ಧ್ವನಿ.

“ಲೋ, ಊಟಕ್ಕೆ ಬಾರೋ.”

“ಬಂದೆ.”

“ಬಂದೆ ಬಂದೆ ಅಂತೀಯ, ಕಾಲು ಕಾಣಿಸ್ತಿಲ್ವಲ್ಲ.”

“ಅಮ್ಮ, ರೆಕಾರ್ಡ್ ಆಗ್ತಿದೆ.”

“ಆಗಲಿ. ಎರಡು ಸಲ ಬಿಸಿ ಮಾಡಿದೀನಿ ಅಂತ ಎಲ್ಲರಿಗೂ ಗೊತ್ತಾಗಲಿ.”

ಹೀಗೇ. ಒಂದರಲ್ಲಿ ಕರೆಂಟ್ ಬಿಲ್ ಕಟ್ಟಿದೆಯಾ ಅಂತ ಕೇಳುತ್ತೀಯ. ಒಂದರಲ್ಲಿ ಯಾರೋ ಬೆಲ್ ಮಾಡುತ್ತಾರೆ, ನೀನೇ ನೋಡು ಅಂತ ಅವನು, ನೀನೇ ನೋಡು ಅಂತ ನೀನು, ಬೆಲ್ ಮಾಡಿದವರು ಹೊರಟೇ ಹೋಗುತ್ತಾರೆ. ಒಂದರಲ್ಲಿ ನೀನು ಒಳಗೇ ಬಂದು ಅವನ ತಲೆಗೆ ಮೊಟಕಿ ಹೋಗುತ್ತೀಯ, ಮೂಲೆಯ ಚಿತ್ರದಲ್ಲಿ ನಿನ್ನ ಮೊಣಕೈ ಮಾತ್ರ ಕಾಣುತ್ತದೆ.

ಮನೆಯಲ್ಲಿ ದಿನಗಳು ಹೀಗೆ ಇರುತ್ತಿದ್ದವು ಅಂತ ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದು ರಜೆಯ ಮನೆ. ಹೊಸ ಬೆಡ್‌ಶೀಟು, ಬೇಗ ಆಗುವ ಅಡುಗೆ. ನೀನು ನನ್ನನ್ನು ಯಾವತ್ತೂ ಎರಡನೇ ಸಲ ಊಟಕ್ಕೆ ಕರೆದಿಲ್ಲ. ನಾನು ಮೊದಲನೇ ಸಲಕ್ಕೇ ಬಂದುಬಿಡುತ್ತೇನೆ, ಹಾಸ್ಟೆಲಿನಲ್ಲಿ ಎರಡನೇ ಗಂಟೆ ಹೊಡೆಯುವುದಿಲ್ಲವಲ್ಲ, ಅದೇ ಅಭ್ಯಾಸ. ಇದು ದೂರಲ್ಲ. ಯಾಕೆ ಹಾಸ್ಟೆಲಿಗೆ ಹಾಕಿದೆ ಅಂತ ನನಗೆ ಗೊತ್ತು, ಆಗ ನೀನು ಬೆಳಗಿನಿಂದ ಸಂಜೆವರೆಗೆ ಪ್ರೆಸ್ಸಿನಲ್ಲೇ ಇರುತ್ತಿದ್ದೆ. ಸುಮ್ಮನೆ ಹೇಳಿದೆ.

ನಕಲು ಮುಗಿದ ಮೇಲೆ ಫೋಲ್ಡರ್ ಅಳಿಸಿದೆ. ಖಂಡಿತಾನಾ ಅಂತ ಕಂಪ್ಯೂಟರ್ ಕೇಳಿತು. ಹೌದು ಅಂತ ಒತ್ತಿದೆ. ಬೆರಳು ನನ್ನದಲ್ಲವೇನೋ ಅನ್ನುವಂತೆ ಒತ್ತಿತು. ಆಮೇಲೆ ದೊಡ್ಡ ಮನೆಯನ್ನು ಕುಗ್ಗಿಸುವ ಕೆಲಸ. ಒಂದು ಪಟ್ಟಿ ಇರುತ್ತದೆ, ಮೌಸಿನಿಂದ ಅದರ ತುದಿ ಹಿಡಿದು ಎಡಕ್ಕೆ ತಳ್ಳಬೇಕು, ಬಲಗಡೆ ಖಾಲಿ ಜಾಗ ಬರುತ್ತದೆ. ಚಿಕ್ಕ ಮನೆಯೂ, ಸೀನಿಯರ್ ಹೇಳಿದ್ದ ಸಿಸ್ಟಮ್ಮಿನ ನಕಲೂ ಅಲ್ಲಿಗೇ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ, ಯುಪಿಎಸ್ ಕೈಕೊಟ್ಟರೆ, ಎಲ್ಲವೂ ಹೋಗುತ್ತದೆ. ನಾನು ಫ್ಯಾನ್ ಆರಿಸಿದೆ. ಫ್ರಿಜ್ ಆರಿಸಿದೆ. ಅದರಿಂದ ಏನಾದರೂ ಪ್ರಯೋಜನ ಇದೆಯಾ ಅಂತ ಕೇಳಬೇಡ. ನೀನು ಬಂದಾಗ ಹಾಲು ಯಾಕೆ ಒಡೆದಿದೆ ಅಂತ ಕೇಳಿದೆಯಲ್ಲ, ನನಗೆ ಗೊತ್ತಿಲ್ಲ ಅಂದೆನಲ್ಲ, ಇದೇ ಕಾರಣ.

ಎರಡು ಸಾಲು ಮೊದಲನೇ ಸಲ ಪರದೆ ಮೇಲೆ ಬಂದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆಯಿತು ಅನ್ನಿಸಿತು ಅಷ್ಟೇ. ನೀನು ವಾಪಸ್ ಬಂದು ಆಯ್ತಾ ಅಂತ ಕೇಳಿದೆ. ಆಯ್ತು ಅಂದೆ. ಎದ್ದಿತಾ ಅಂತ ಕೇಳಿದೆ. ಎದ್ದಿತು ಅಂದೆ. ನೀನು ಕೂತು ಸಂಚಿಕೆಯ ಪುಟಸಂಖ್ಯೆ ಹಾಕುವುದಕ್ಕೆ ಶುರುಮಾಡಿದೆ. ಡಿಸ್ಕನ್ನು ಎಲ್ಲಿ ಇಡಲಿ ಅಂತ ಕೇಳಿದ್ದಕ್ಕೆ, ತಿರುಗಿ ನೋಡದೆ, “ನೀನೇ ಇಟ್ಕೋ” ಅಂದೆ. ನನ್ನ ಸ್ವೆಟರಿನಲ್ಲಿ ಸುತ್ತಿ ತಂದಿದ್ದೇನೆ. ಕಪಾಟಿನಲ್ಲಿದೆ. ಬೀಗ ಹಾಕಿದ್ದೇನೆ.

ಇಲ್ಲಿಗೆ ಬಂದ ಮೇಲೆ ನಾನು ನನ್ನ ಲ್ಯಾಪ್‌ಟಾಪಿಗೂ ಎರಡನೇ ಪಾರ್ಟಿಶನ್ ಮಾಡಿದೆ. ಆಮೇಲೆ ರೂಮ್‌ಮೇಟಿನದಕ್ಕೆ. ಆಮೇಲೆ ಎದುರು ರೂಮಿನವರದಕ್ಕೆ, ಮಹಡಿಯವರದಕ್ಕೆ. ವಾರ್ಡನ್ ಆಫೀಸಿನ ಕಂಪ್ಯೂಟರನ್ನೂ ಬಿಡಲಿಲ್ಲ. ಎಲ್ಲರೂ ಡಾಕ್ಟರೇ ಅಂತ ಕರೆಯುತ್ತಾರೆ. ಯಾರದ್ದೂ ಕೆಟ್ಟಿರಲಿಲ್ಲ. ಆದರೂ ಒಂದು ದಿನ ಬೆಳಗ್ಗೆ ಬಟನ್ ಒತ್ತಿದಾಗ ಏಳದಿದ್ದರೆ ಅನ್ನುವ ಯೋಚನೆ ಬಂದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ರೂಮ್‌ಮೇಟ್ ಮಧ್ಯಾಹ್ನ ಮಲಗಿದ್ದರೆ ಹೊದಿಕೆ ಏರಿಳಿಯುತ್ತಿದೆಯಾ ಅಂತ ನೋಡುತ್ತೇನೆ. ಅವಳು ಒಂದು ದಿನ ಹಿಡಿದುಬಿಟ್ಟಳು. “ಬಿಟ್ಟರೆ ಮನುಷ್ಯರಿಗೂ ಪಾರ್ಟಿಶನ್ ಹಾಕ್ತೀಯ ಕಣೇ ನೀನು” ಅಂದಳು. ಎಲ್ಲರ ಜೊತೆ ನಾನೂ ನಕ್ಕೆ.

ಇದನ್ನೂ ಹೇಳಿಬಿಡುತ್ತೇನೆ. ಒಂದು ಟೆಸ್ಟಿಗೆ ಹೋಗಲಿಲ್ಲ. ಮಲಗಿಬಿಟ್ಟದ್ದಲ್ಲ. ಎದ್ದು ಸ್ನಾನ ಮಾಡಿ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡಿದ್ದೆ. ಇನ್ನೊಂದು ಕೈಯಲ್ಲಿತ್ತು. ಹಾಗೇ ಕೂತಿದ್ದೆ, ಅವರೆಲ್ಲ ಬರೆದು ವಾಪಸ್ ಬಂದರು. ಮತ್ತೆ ಬರೆಯಲು ಬಿಡುತ್ತಾರೆ ಅಂತ ವಾರ್ಡನ್ ಹೇಳಿದ್ದಾರೆ, ನೀನು ಗಾಬರಿಯಾಗಬೇಡ.

ಈಗ ಗೋಡೆಯ ಹಾಳೆಯಲ್ಲಿ ಬರೆಯದ ಒಂದು ವಿಷಯ.

ಚಿಕ್ಕ ಮನೆಯಲ್ಲಿ ‘ಕೆಲಸ’ ಫೋಲ್ಡರಿನ ಪಕ್ಕದಲ್ಲಿ ಇನ್ನೊಂದು ಫೈಲ್ ಇಟ್ಟಿದ್ದೇನೆ, ಅಣ್ಣನ ಒಂದು ರೆಕಾರ್ಡಿಂಗ್. ಏನೂ ತೋರಿಸಬೇಡ ಅಂದಿದ್ದೆ ನೀನು, ಅದಕ್ಕೇ ಚಿತ್ರ ತೆಗೆದುಹಾಕಿ ಶಬ್ದ ಮಾತ್ರ ಉಳಿಸಿದ್ದೇನೆ. ಅದೊಂದು ರೆಕಾರ್ಡಿಂಗಿನಲ್ಲಿ ಅವನು ಊಟಕ್ಕೆ ನಿಜವಾಗಿಯೂ ಎದ್ದು ಹೋಗಿದ್ದಾನೆ. ನಿಲ್ಲಿಸುವುದು ಮರೆತಿದ್ದಾನೆ. ವಿಡಿಯೋದಲ್ಲಿ ನೋಡಿದರೆ ಗೇಮಿನೊಳಗಿನ ಮನುಷ್ಯ ಒಂದು ಬಯಲಿನಲ್ಲಿ ಸುಮ್ಮನೆ ನಿಂತಿರುತ್ತಾನೆ, ಮೂಲೆಯ ಚಿತ್ರದಲ್ಲಿ ಖಾಲಿ ಕುರ್ಚಿ. ದೂರದಿಂದ ತಟ್ಟೆ ಇಟ್ಟ ಶಬ್ದ, ಸ್ಟೂಲ್ ಎಳೆದ ಶಬ್ದ ಬರುತ್ತದೆ. ಆಮೇಲೆ ನೀವಿಬ್ಬರೂ ಊಟ ಮಾಡುತ್ತಾ ಮಾತಾಡುತ್ತೀರಿ. ಏನು ಅಂತ ಸ್ಪಷ್ಟವಾಗಿ ಕೇಳುವುದಿಲ್ಲ. ಧ್ವನಿ ಮಾತ್ರ ಗೊತ್ತಾಗುತ್ತದೆ, ಇದು ಅಮ್ಮ, ಇದು ಅಣ್ಣ ಅಂತ. ತುಂಬಾ ಹೊತ್ತು ಇದೆ. ನಾನು ಪೂರ್ತಿ ಕೇಳಿದ್ದು ಅದೊಂದನ್ನೇ. ಇಲ್ಲಿಗೆ ಬಂದ ಮೇಲೂ ಊಟದ ಹೊತ್ತಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ.

ನೀನು ಕೇಳಲೇಬೇಕು ಅಂತಿಲ್ಲ. ಕಂಪ್ಯೂಟರ್ ಚೆನ್ನಾಗಿದ್ದರೆ ಆ ಫೈಲ್ ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ, ದೊಡ್ಡ ಮನೆಯಿಂದ ಅದು ಕಾಣುವುದಿಲ್ಲ. ಆದರೆ ಚೆನ್ನಾಗಿದ್ದಾಗಲೂ ಎರಡನೇ ಸಾಲು ಒತ್ತಬಹುದು. ಏನೂ ಕೆಡುವುದಿಲ್ಲ. ಕೇಳಿ ಮುಗಿದ ಮೇಲೆ ಆರಿಸಿ ಮತ್ತೆ ಹಾಕಿದರೆ ಮೊದಲಿನ ಹಾಗೆಯೇ ಏಳುತ್ತದೆ.

ಅವನು ಇಟ್ಟಿದ್ದು ಅಲ್ಲಿ ಅಂತ ಹೇಳಿದ್ದೆಯಲ್ಲ. ಒಂದಾದರೂ ಅಲ್ಲೇ ಇರಲಿ ಅಂತ ಬಿಟ್ಟೆ.

ನಿನ್ನ
ಮಗಳು

ತಾ.ಕ.: ಅದರ ಕೊನೆಯ ಹತ್ತಿರ ಅಣ್ಣನ ಒಂದು ಮಾತು ಮಾತ್ರ ಸರಿಯಾಗಿ ಕೇಳುತ್ತದೆ. “ಅವಳು ಬರಲಿ ತಾಳು, ಆಮೇಲೆ ಇದೆ” ಅನ್ನುತ್ತಾನೆ. ಅದಕ್ಕೆ ನೀನು ಏನೋ ಹೇಳುತ್ತೀಯ, ಅಷ್ಟರಲ್ಲಿ ನಿಮ್ಮಲ್ಲಿ ಯಾರೋ ನಲ್ಲಿ ಬಿಡುತ್ತೀರಿ, ನೀರಿನ ಶಬ್ದದಲ್ಲಿ ಮುಚ್ಚಿಹೋಗುತ್ತದೆ. ಇಬ್ಬರೂ ನಗುತ್ತೀರಿ, ಉಸಿರು ಸಿಗದ ಹಾಗೆ. ನೀನು ಹಾಗೆ ನಗುವುದನ್ನು ನಾನು ನೋಡಿಲ್ಲ. ಸೌಂಡ್ ಜಾಸ್ತಿ ಮಾಡಿ ಕೇಳಿದೆ, ನೀರಿನ ಶಬ್ದ ತೆಗೆಯುವ ಸಾಫ್ಟ್‌ವೇರಿಗೂ ಹಾಕಿ ನೋಡಿದೆ, ಆಗಲಿಲ್ಲ. ಆ ‘ಅವಳು’ ನಾನೇನಾ ಅಮ್ಮ? ಏನು ಹೇಳಿದೆ ನೀನು? ಬೇರೆ ಯಾರಾದರೂ ಆಗಿದ್ದರೂ ಪರವಾಗಿಲ್ಲ, ಹೇಳು.